ದೋಸೆ ಹೋಟೆಲಿನಲ್ಲಿ ಬೈಗುಳ ನಿಲ್ಲಿಸಿದ್ದು: ನನ್ನ ಅನುಭವ

‘ಹೋಟೆಲ್ ಅಡುಗೆಮನೆಯಲ್ಲಿ ಬೈಗುಳ ನಿಲ್ಲಿಸ್ತೀನಿ ಅನ್ನೋದು ಬೆಣ್ಣೆ ಇಲ್ದೆ ಬೆಣ್ಣೆ ದೋಸೆ ಹಾಕ್ತೀನಿ ಅಂದ ಹಾಗೆ’ ಎಂದು ನಮ್ಮ ದಾವಣಗೆರೆಯ ಹೋಟೆಲಿನವರೆಲ್ಲ ನಕ್ಕಿದ್ದರು. ಈಗ ಅವರಲ್ಲೇ ಮೂರ್ನಾಲ್ಕು ಜನ ಸಂಜೆ ಹೊತ್ತು ಬಂದು, ಟೀ ಕುಡಿದು, ಮೆಲ್ಲಗೆ ‘ಹೆಂಗ್ ಮಾಡಿದ್ರಿ?’ ಎಂದು ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ನಮ್ಮದು ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ಇರುವ ಹೋಟೆಲು. ಸೌದೆ ಒಲೆ, ಎರಡು ಹಂಚು, ಹನ್ನೆರಡು ಹದಿಮೂರು ಜನ ಕೆಲಸದವರು. ದೋಸೆ ಹುಯ್ಯೋದು ಗಿರಾಕಿಗೆ ಕಾಣಬೇಕು ಎಂದು ಒಲೆಯ ಮುಂದೆ ಗೋಡೆ ಕಟ್ಟಿಸಿಲ್ಲ. ನಿಮ್ಮಲ್ಲೂ ಹಾಗೇ ಅಲ್ವಾ? ಕಂಡದ್ದೆಲ್ಲ ಕೇಳಿಸುತ್ತದೆ ಕೂಡ. ಭಾನುವಾರ ಹರಿಹರ, ಚಿತ್ರದುರ್ಗದ ಕಡೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಬಂದವರು ಅರ್ಧ ದೋಸೆ ಬಿಟ್ಟು ಎದ್ದು ಹೋದದ್ದನ್ನು ಗಲ್ಲಾದಲ್ಲಿ ಕೂತು ನೋಡಿದ್ದೇನೆ. ಸಂಸ್ಕಾರದ ಮಾತು ಆಮೇಲೆ. ನನಗೆ ಮೊದಲು ಉರಿದದ್ದು ಹೋದ ಗಿರಾಕಿ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ದಂಡದ ಡಬ್ಬಿ ಇಟ್ಟೆ, ಒಂದು ಬೈಗುಳಕ್ಕೆ ಹತ್ತು ರೂಪಾಯಿ. ತುಂಬಿದ ದುಡ್ಡಿನಲ್ಲಿ ತಿಂಗಳ ಕೊನೆಗೆ ಎಲ್ಲರಿಗೂ ಬಿರಿಯಾನಿ ಎಂದೆ. ಹುಡುಗರು ಒಬ್ಬರನ್ನೊಬ್ಬರು ಕೆಣಕಿ ಕೆಣಕಿ ಬೈಸತೊಡಗಿದರು, ಡಬ್ಬಿ ಬೇಗ ತುಂಬಲಿ ಎಂದು! ದೋಸೆ ಮಾಸ್ಟರ್ ಅಂತೂ ಒಂದು ಭಾನುವಾರ ಬೆಳಿಗ್ಗೆಯೇ ಇನ್ನೂರರ ನೋಟು ಹಾಕಿ, ‘ಅಣ್ಣಾ, ಇವತ್ತಿಂದು ಅಡ್ವಾನ್ಸು’ ಎಂದ. ದಂಡ ಹೋಗಿ ರೇಟು ಆಗಿತ್ತು. ಡಬ್ಬಿ ತೆಗೆದೆ.

ಆಮೇಲೆ ದುಗ್ಗಮ್ಮನ ಫೋಟೋ ಮುಂದೆ ಆಣೆ ಮಾಡಿಸಿದೆ. ಮುಂದಿನ ಪಾರ್ಸೆಲ್ ಗಲಾಟೆಯವರೆಗೆ ಬಾಳಿತು. ಮಾತೂ ರೆಕಾರ್ಡ್ ಆಗುವ ಕ್ಯಾಮೆರಾ ಹಾಕಿಸಿದೆ, ಆರೇಳು ಸಾವಿರ ಹೋಯಿತು. ಹುಡುಗರು ಬೈಯಲು ಹಿಂದಿನ ಸೌದೆ ಕೋಣೆಗೆ ಹೋಗಿ ಬರತೊಡಗಿದರು. ಬೈಗುಳ ಅಷ್ಟೇ ಇತ್ತು, ಕೆಲಸ ಮಾತ್ರ ನಿಧಾನ ಆಯಿತು.

ಕೊನೆಗೆ ಒಂದು ಹಳೆ ಡೈರಿ ತಗೊಂಡು ಗಲ್ಲಾದಲ್ಲೇ ಬರೆದುಕೊಳ್ಳತೊಡಗಿದೆ. ಯಾವ ಹೊತ್ತು, ಯಾರು ಯಾರಿಗೆ, ಯಾತಕ್ಕೆ. ಬೈಗುಳ ಏನು ಎಂಬುದನ್ನು ಬರೆಯಲಿಲ್ಲ, ಅದು ಎಲ್ಲರಿಗೂ ಬಾಯಿಪಾಠ. ಒಂದೆರಡು ವಾರದಲ್ಲಿ ಲೆಕ್ಕ ಕಣ್ಣಿಗೆ ಹೊಡೆಯಿತು. ಮುಕ್ಕಾಲು ಪಾಲು ಬೈಗುಳ ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆ ಒಳಗೆ. ಅದರಲ್ಲೂ ಜಾಸ್ತಿ ಆರ್ಡರ್ ತಪ್ಪಿದ್ದಕ್ಕೆ. ಸಪ್ಲೈಯರ್ ‘ಎರಡು ಬೆಣ್ಣೆ, ಒಂದು ಖಾಲಿ, ಒಂದು ಓಪನ್’ ಎಂದು ಕೂಗುತ್ತಾನೆ. ಹೊಗೆ, ಸದ್ದು. ಮಾಸ್ಟರಿಗೆ ಖಾಲಿ ಕೇಳಿಸಿಲ್ಲ. ದೋಸೆ ತಪ್ಪಿತು, ಅವರಮ್ಮ ಬಂದಳು, ಅಕ್ಕ ಬಂದಳು.

ಹಾಗಾಗಿ ಮೊದಲು ಬಾಯಿಗೆ ಕೈ ಹಾಕಲಿಲ್ಲ, ಆರ್ಡರಿಗೆ ಹಾಕಿದೆ. ಪ್ಲಾಸ್ಟಿಕ್ ಬಿಲ್ಲೆ ಮಾಡಿಸಿದೆ. ಹಳದಿ ಬೆಣ್ಣೆ, ಬಿಳಿ ಖಾಲಿ, ಹಸಿರು ಓಪನ್. ಕೂಗೋದು ಬಂದ್, ಬಿಲ್ಲೆ ತಂದು ಹಂಚಿನ ಪಕ್ಕ ಸಾಲಾಗಿ ಇಡಬೇಕು. ಸಾವಿರದೈನೂರರ ಸುಮಾರು ಖರ್ಚು. ಮಕ್ಕಳು ಜೇಬಿಗೆ ಹಾಕಿಕೊಂಡು ಹೋಗುತ್ತವೆ, ಸ್ವಲ್ಪ ಜಾಸ್ತಿನೇ ಮಾಡಿಸಿ. ಭಾನುವಾರ ಪಾರ್ಸೆಲ್ ಕಟ್ಟಲು ಐನೂರು ಚಿಲ್ಲರೆ ಕೊಟ್ಟು ಒಬ್ಬ ಹುಡುಗನನ್ನು ಹಾಕಿದೆ. ಇಷ್ಟಕ್ಕೇ ಬೈಗುಳ ಅರ್ಧ ಇಳಿಯಿತು. ಸುಮ್ನೆ ಹೇಳುತ್ತಿಲ್ಲ, ಡೈರಿ ಇನ್ನೂ ಇದೆ.

ಉಳಿದ ಅರ್ಧಕ್ಕೆ ಎರಡೇ ನಿಯಮ. ಒಲೆ, ಹೊಗೆ, ಹಸಿ ಸೌದೆ, ಕರೆಂಟು, ತಳ ಹಿಡಿದ ದೋಸೆ, ಇವುಗಳಿಗೆ ಏನು ಬೇಕಾದರೂ ಅನ್ನಿ, ಮೆಲ್ಲಗೆ. ಹಸಿ ಸೌದೆಗೆ ‘ಬೋಳಿಮಗಂದು’ ಅಂದರೆ ಅದೇನು ಬೇಜಾರು ಮಾಡಿಕೊಳ್ಳಲ್ಲ. ಆದರೆ ಮನುಷ್ಯರಿಗೆ ಬೈದರೆ, ಬೈಸಿಕೊಂಡವನು ಕೈ ನಿಲ್ಲಿಸಬಹುದು. ಹಂಚಿನ ಮೇಲೆ ದೋಸೆ ಇದ್ದರೂ ಸರಿ. ‘ಇನ್ನೊಂದ್ಸಲ ಹೇಳಣ್ಣ’ ಎಂದು ನಿಲ್ಲುತ್ತಾನೆ. ಬೈದವನು ಅದೇ ಮಾತನ್ನು ಬೈಗುಳ ತೆಗೆದು ಮತ್ತೆ ಹೇಳಬೇಕು. ಹೇಳಿದ ಮೇಲೆ ಕೆಲಸ ಶುರು. ಕ್ಷಮೆ ಬೇಡ, ಉಪದೇಶ ಬೇಡ, ದಂಡ ಬೇಡ. ಮಾಲೀಕನಿಗೂ ಇದೇ. ‘ಲೇ’ ಮಾತ್ರ ಲೆಕ್ಕಕ್ಕಿಲ್ಲ. ಅದನ್ನೂ ತೆಗೆದರೆ ದಾವಣಗೆರೆಯಲ್ಲಿ ಮಾತೇ ಹೊರಡಲ್ಲ.

ಮೊದಲ ಭಾನುವಾರ ನರಕ. ಹಂಚಿನ ಮೇಲೆ ದೋಸೆ ಕರ್ರಗಾಗುತ್ತಿದೆ, ಮಾಸ್ಟರ್ ಕೈ ಕಟ್ಟಿ ನಿಂತಿದ್ದಾನೆ, ಸಪ್ಲೈಯರ್ ಬಾಯಿ ಬಿಡುತ್ತಿಲ್ಲ, ಗಿರಾಕಿ ಗಡಿಯಾರ ನೋಡುತ್ತಿದ್ದಾರೆ. ಅವತ್ತೊಂದೇ ದಿನ ಎರಡು ಸಾವಿರಕ್ಕೆ ಕಮ್ಮಿ ಇಲ್ಲದೆ ಹೋಯಿತು. ಎಲ್ಲ ಸೇರಿ ಹತ್ತು ಹನ್ನೆರಡು ಸಾವಿರ ಕೈಬಿಟ್ಟಿರಬೇಕು. ನನ್ನ ಹೆಂಡತಿ ‘ಬೈದುಕೊಳ್ಳಲಿ ಬಿಡ್ರಿ, ಅಗ್ಗ ಬೀಳ್ತದೆ’ ಎಂದಳು. ನಾನು ಬಿಡಲಿಲ್ಲ. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಕೈ ನಿಲ್ಲಿಸುವುದೇ ಅಪರೂಪ ಆಯಿತು. ದೊಡ್ಡ ಬಾಯಿಯ ಮಾಸ್ಟರ್ ಹೇಗೆ ಒಪ್ಪಿದ ಎಂದು ಎಲ್ಲರೂ ಕೇಳುತ್ತಾರೆ. ಅವನಿಗೆ ನಾನು ಒಂದು ಮಾತು ಕೊಟ್ಟಿದ್ದೇನೆ. ಅದು ನಮ್ಮಿಬ್ಬರ ನಡುವೆ ಇರಲಿ.

ನಡುವೆ ಒಂದು ತಮಾಷೆ ಪ್ರಯೋಗವೂ ಆಯಿತು. ಮನಃಶಾಸ್ತ್ರ ಓದುವ ನನ್ನ ಅಕ್ಕನ ಮಗ ಬಂದವನು, ‘ಮಾವ, ಬೈದರೆ ನೋವು ತಡ್ಕೊಳ್ಳೋ ಶಕ್ತಿ ಜಾಸ್ತಿ ಆಗುತ್ತೆ’ ಎಂದ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು 2009ರಲ್ಲಿ ಐಸ್ ನೀರಿನಲ್ಲಿ ಕೈ ಇಡಿಸಿ ನೋಡಿದ್ದರಂತೆ. ಬೈದವರು ಜಾಸ್ತಿ ಹೊತ್ತು ಇಟ್ಟುಕೊಂಡರಂತೆ. ನಾವೂ ಬಕೆಟಿಗೆ ಐಸ್ ಹಾಕಿದೆವು. ಮಾಸ್ಟರ್ ಬೈದರೂ ಬಿಟ್ಟರೂ ಒಂದೇ. ದಿನಾ ಬೈಯುವವರಿಗೆ ಲಾಭ ಕಮ್ಮಿ ಎಂದು ಕೀಲ್‌ನವರೇ ಆಮೇಲೆ ಕಂಡುಕೊಂಡಿದ್ದಾರೆ ಎಂದು ಹುಡುಗ ನಕ್ಕ. ಬೈಗುಳದ ಬದಲು ‘ಬದನೆಕಾಯಿ’ ಅನ್ನಿಸಿಯೂ ನೋಡಿದೆ, ಕೈ ತಕ್ಷಣ ಹೊರಗೆ. 2020ರಲ್ಲಿ ಕೀಲ್‌ನವರೂ ಬೈಗುಳದ ಬದಲು ಹೊಸದಾಗಿ ಹುಟ್ಟಿಸಿದ ಪದಗಳನ್ನು ಪರೀಕ್ಷಿಸಿದ್ದರಂತೆ, ನೋವಿಗೆ ಅವು ಉಪಯೋಗಕ್ಕೆ ಬರಲಿಲ್ಲವಂತೆ. ಹಾಗಾಗಿ ನಮ್ಮಲ್ಲಿ ಕೈ ಸುಟ್ಟುಕೊಂಡವನಿಗೆ ಪೂರ್ತಿ ರಿಯಾಯಿತಿ. ನಲ್ಲಿ ಕೆಳಗೆ 20 ನಿಮಿಷ ಕೈ ಇಟ್ಟುಕೊಂಡು ಬೈದುಕೊಳ್ಳಲಿ. ಬೆಣ್ಣೆ ಮಾತ್ರ ಹಚ್ಚಬೇಡಿ. ನಮ್ಮ ಹೋಟೆಲುಗಳಲ್ಲಿ ಎಲ್ಲರೂ ಮೊದಲು ಮಾಡೋದು ಅದನ್ನೇ.

ಎರಡು ವಿಷಯಕ್ಕೆ ಮಾತ್ರ ‘ಇನ್ನೊಂದ್ಸಲ ಹೇಳು’ ಇಲ್ಲ. ಜಾತಿ ಹಿಡಿದು ಬೈದರೆ, ಚಟ್ನಿ ರುಬ್ಬುವ, ಪಾತ್ರೆ ತೊಳೆಯುವ ಹೆಂಗಸರಿಗೆ ಹೊಲಸು ಮಾತಾಡಿದರೆ, ಅವತ್ತೇ ಮನೆಗೆ. ಮೊದಲನೆಯದಕ್ಕೆ 1989ರ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಇದೆ, ಎರಡನೆಯದಕ್ಕೆ ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಹತ್ತು ಜನ ಕೆಲಸಕ್ಕಿದ್ದರೆ ಆಂತರಿಕ ದೂರು ಸಮಿತಿ ಇರಲೇಬೇಕು. ಹೋಟೆಲಿಗೂ ಅನ್ವಯ, ಮರೆಯಬೇಡಿ.

ಮನೆಯಲ್ಲಿ ಬೇರೆ ಕತೆ. ಐದನೇ ಕ್ಲಾಸಿನ ಮಗ ಎಲ್ಲಿಂದಲೋ ಒಂದು ಮಾತು ಕಲಿತು ಬಂದ. ಮನೆಯಲ್ಲಿ ಯಾರೋ ನಕ್ಕರು, ಮುಗೀತು. ಮಾರನೇ ವಾರ ನೆಂಟರ ಮದುವೆ ಊಟದ ಸಾಲಿನಲ್ಲಿ ಅದೇ ಮಾತು, ಗಟ್ಟಿಯಾಗಿ. ನಮ್ಮಮ್ಮ ಬಾಯಿಗೆ ಮೆಣಸಿನಕಾಯಿ ಇಡ್ತೀನಿ ಎಂದು ಹೆದರಿಸಿದಳು. ಅವನು ಮೆಣಸಿನಕಾಯಿಗೂ ಸೇರಿಸಿ ಬೈದ. ಆಮೇಲೆ ಹೋಟೆಲಿನ ನಿಯಮವನ್ನೇ ಮನೆಗೆ ತಂದೆ. ನಗೋದಿಲ್ಲ, ಗದರೋದಿಲ್ಲ, ಮುಖ ಸಪ್ಪಗೆ. ‘ಇನ್ನೊಂದ್ಸಲ ಹೇಳು.’ ಹೇಳುವವರೆಗೆ ಮೊಬೈಲು ಇಲ್ಲ, ತಟ್ಟೆಗೆ ಹೋಳಿಗೆಯೂ ಬೀಳಲ್ಲ. ಹೋಟೆಲಿಗಿಂತ ಬೇಗ ಫಲ ಕಂಡಿತು. ಈಗ ಅವನೇ ನನ್ನನ್ನು ನಿಲ್ಲಿಸುತ್ತಾನೆ. ಸೋತದ್ದು ನಮ್ಮಪ್ಪನ ಹತ್ತಿರ. ಹತ್ತಿ ಮಿಲ್ಲಿನಲ್ಲಿ ದುಡಿದ ಬಾಯಿ ಅದು, ಮಗ್ಗದ ಸದ್ದಿನ ಮೇಲೆ ಕೂಗಿ ಅಭ್ಯಾಸ. ಅವರಿಗೆ ಮಹಡಿ ಮೇಲೆ ಬೇರೆ ಟಿವಿ ಕೊಡಿಸಿದೆ. ಕ್ರಿಕೆಟ್ಟಿಗೆ ಎಷ್ಟು ಬೇಕಾದರೂ ಬೈದುಕೊಳ್ಳಲಿ.

ಹೋಳಿ ದಿನ ಹುಡುಗರು ವಿನಾಯಿತಿ ಕೇಳಿದರು. ಹೋಟೆಲಿಗೇ ರಜೆ ಕೊಟ್ಟೆ. ರಾಂ ಅಂಡ್ ಕೋ ಸರ್ಕಲ್ಲಿನಲ್ಲಿ ಬಣ್ಣ ಎರಚಿ ಬಾಯಿ ಬಡಿದುಕೊಳ್ಳಲಿ ಎಂದೆ.

ಹುಡುಗರಿಗೆ ಬೈಯುವ ಗಿರಾಕಿಗೂ ನನ್ನ ಹತ್ತಿರ ಒಂದು ಮದ್ದಿದೆ, ಅದನ್ನು ಇಲ್ಲಿ ಬರೆದರೆ ಗಿರಾಕಿಗಳೂ ಓದುತ್ತಾರೆ. ಫೋನಿನಲ್ಲಿ ಪಾರ್ಸೆಲ್ ಹೇಳುವವರ ಮೇಲೆ ಮಾತ್ರ ಏನೂ ನಡೆಯುತ್ತಿಲ್ಲ. ‘ಇನ್ನೊಂದ್ಸಲ ಹೇಳಿ ಸಾರ್’ ಅಂದರೆ ಬೈಗುಳ ಹಾಗೇ ಇಟ್ಟುಕೊಂಡು ಆರ್ಡರನ್ನೇ ಮತ್ತೆ ಹೇಳುತ್ತಾರೆ, ಅದೂ ಜೋರಾಗಿ. ನಿಮ್ಮಲ್ಲಿ ಯಾರಿಗಾದರೂ ದಾರಿ ಸಿಕ್ಕಿದ್ದರೆ ತಿಳಿಸಿ.