ಮಾಗಿ ಕಳೆಯುವಾಗ ಮನಾಲಿಯಲ್ಲಿ ಮನೆ ನಡೆಸುವುದು

ಹಿಮ ನೋಡಲು ಜನ ಮನಾಲಿಗೆ ಡಿಸೆಂಬರ್, ಜನವರಿಯಲ್ಲಿ ಬರುತ್ತಾರೆ. ಇಲ್ಲೇ ಮನೆ ಮಾಡಿಕೊಂಡಿರುವ ನನ್ನನ್ನು ಹಣ್ಣುಗಾಯಿ ಮಾಡುವುದು ಫೆಬ್ರವರಿ ಕೊನೆ ಮತ್ತು ಮಾರ್ಚ್. ಹಗಲು ಬಿಸಿಲು ಚುರುಕಾಗಿ ಸೂರಿನಿಂದ ನೀರು ತೊಟ್ಟಿಕ್ಕುತ್ತದೆ. ಸೂರ್ಯ ಬೆಟ್ಟದ ಹಿಂದೆ ಸರಿದ ಕೂಡಲೇ ಅದೇ ನೀರು ಮೆಟ್ಟಿಲ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ಜನವರಿಯ ಒಣ ಹಿಮದಲ್ಲಿ ಬೂಟು ಊರಿ ನಡೆಯಬಹುದು, ಇದರ ಮೇಲೆ ಆಗದು.

ನಾನಿರುವುದು ಬಿಯಾಸ್ ನದಿಯ ಎಡದಂಡೆಯ ವಶಿಷ್ಠ ಗ್ರಾಮದಲ್ಲಿ, ಎರಡು ಸಾವಿರ ಮೀಟರಿಗೂ ಮೇಲೆ. ಮೆಟ್ಟಿಲಿಗೆ ಮದ್ದು ತೋರಿಸಿದವರು ಪಕ್ಕದ ಮನೆಯ ಅಜ್ಜಿ. ತಂದೂರಿನ, ಎಂದರೆ ಕೋಣೆ ಬೆಚ್ಚಗಿಡುವ ಕಟ್ಟಿಗೆ ಒಲೆಯ, ಬೂದಿಯನ್ನು ನಾನು ಹೊರಗೆ ಚೆಲ್ಲಲು ಹೊರಟಾಗ, "ಇಟ್ಟುಕೋ ಮಗಳೇ, ಸಂಜೆ ಮೆಟ್ಟಿಲಿಗೆ ಬೇಕಾಗುತ್ತದೆ" ಎಂದರು. ಈಗ ಬೂದಿಯನ್ನು ಪೂರ್ತಿ ಆರಿಸಿ ತಗಡಿನ ಡಬ್ಬದಲ್ಲಿ ತುಂಬಿಡುತ್ತೇನೆ. ಕತ್ತಲಾಗುವ ಮೊದಲು ಕೆಳಗಿನ ಮೆಟ್ಟಿಲಿನಿಂದ ಬಾಗಿಲವರೆಗೆ ಉದುರಿಸುತ್ತೇನೆ. ಕಾಲಿಗೆ ಹಿಡಿತ ಸಿಗುತ್ತದೆ, ಮರುದಿನ ಆ ಬೂದಿ ಬಿಸಿಲನ್ನು ಹೀರಿ ಮಂಜುಗಡ್ಡೆಯನ್ನು ಬೇಗ ಕರಗಿಸುತ್ತದೆ. ಮೆಟ್ಟಿಲಿಗೆ ಬಿಸಿನೀರು ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಅದೂ ಹೆಪ್ಪುಗಟ್ಟಿ ಇನ್ನೊಂದು ಪದರ ಸೇರುತ್ತದೆ.

ನೀರಿನ ಕೆಲಸ ಇದಕ್ಕಿಂತ ದೊಡ್ಡದು. ಹೆಪ್ಪುಗಟ್ಟುವಾಗ ನೀರು ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಪೈಪು ಸೀಳುವುದು ಆಗ, ಸೋರುವುದು ಕರಗಿದ ಮೇಲೆ. ಹಾಗಾಗಿ ರಾತ್ರಿ ಊಟವಾದೊಡನೆ ಮುಖ್ಯ ವಾಲ್ವ್ ಮುಚ್ಚಿ, ಮನೆಯ ಅತ್ಯಂತ ಕೆಳಗಿನ ನಲ್ಲಿಯನ್ನೂ ಮೇಲಿನದನ್ನೂ ತೆರೆಯುತ್ತೇನೆ. ಮೇಲಿಂದ ಗಾಳಿ ಹೊಕ್ಕರೆ ಮಾತ್ರ ಪೈಪಿನ ನೀರು ಪೂರ್ತಿ ಇಳಿಯುತ್ತದೆ. ಬೆಳಗಿನ ಬಳಕೆಗೆ ಬಕೆಟ್‌ಗಳು ಒಳಗೆ ಸಿದ್ಧವಾಗಿರುತ್ತವೆ. ಎಲ್ಲಾದರೂ ಕಟ್ಟಿಕೊಂಡರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಯ ಕಡೆಯಿಂದ ಸುತ್ತುತ್ತಾ ಹಿಂದಕ್ಕೆ ಹೋಗುತ್ತೇನೆ. ಕರಗಿದ್ದು ಹೊರಬರಲು ದಾರಿ ಇರಬೇಕಲ್ಲ. ಪೈಪಿಗೆ ನೇರವಾಗಿ ಬೆಂಕಿ ಹಿಡಿಯುವುದಿಲ್ಲ. ಬಟ್ಟೆ ಒಗೆಯುವ ಚಿಂತೆ ಮಾತ್ರ ಈ ಊರಿಗಿಲ್ಲ, ದೇವಸ್ಥಾನದ ಬಳಿಯ ಗಂಧಕದ ಬಿಸಿನೀರಿನ ಬುಗ್ಗೆ ಚಳಿಗಾಲದಲ್ಲೂ ಹರಿಯುತ್ತದೆ. ಅಲ್ಲಿ ಸೇರುವ ಹೆಂಗಸರಿಂದಲೇ ನಾನು ಈ ಕಣಿವೆಯನ್ನು ಅರಿತದ್ದು.

ಕೋಣೆಯ ತಗಡಿನ ತಂದೂರಿಗೆ ಸೇಬಿನ ತೋಟಗಳಲ್ಲಿ ಸವರಿದ ಕೊಂಬೆಗಳೂ ಸಿಗುತ್ತವೆ. ಈ ಚಳಿಯಲ್ಲಿ ಸವರಿದ್ದು ಹಸಿ, ಮುಂದಿನ ವರ್ಷಕ್ಕೆ. ಈಗ ಉರಿಸುವುದು ಹೋದ ವರ್ಷದ್ದು. ಹಸಿ ಕಟ್ಟಿಗೆಯಿಂದ ಹೊಗೆಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಮಸಿ ಕಟ್ಟಿದ ಕೊಳವೆ ವಿಷಗಾಳಿಯನ್ನು ಕೋಣೆಗೇ ತಿರುಗಿಸಬಹುದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ತಿಳಿಯುವುದಿಲ್ಲ. ಎಷ್ಟೇ ಚಳಿಯಿರಲಿ, ಒಂದು ಕಿಟಕಿಯನ್ನು ಬೆರಳಗಲ ತೆರೆದಿಡುತ್ತೇನೆ. ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ಒಯ್ಯಲು ಯಾರನ್ನೂ ಬಿಡುವುದಿಲ್ಲ, ಅತಿಥಿಗಳು ಬೇಸರ ಮಾಡಿಕೊಂಡರೂ ಸರಿ.

ದೋಸೆ ಹಿಟ್ಟು ಹುಳಿ ಬರುವುದೂ ತಂದೂರಿನ ಕೃಪೆಯಿಂದಲೇ. ಪಾತ್ರೆಗೆ ಕಂಬಳಿ ಸುತ್ತಿ, ಮುಟ್ಟಿದರೆ ಉಗುರುಬೆಚ್ಚಗಿರುವಷ್ಟು ದೂರದಲ್ಲಿಡುತ್ತೇನೆ. ಹತ್ತಿರವಾದರೆ ಒಂದು ಬದಿ ಬೆಂದು ಹೋಗುತ್ತದೆ.

ಮಾರ್ಚ್ ಹಿಮ ತೂಕದ್ದು. ಹೊಸ ಒಣ ಹಿಮ ಘನಮೀಟರಿಗೆ ನೂರು ಕಿಲೋ ಆಸುಪಾಸಿದ್ದರೆ, ನೀರು ಕುಡಿದ ಹಳೆಯ ಹಿಮ ಅದರ ಮೂರು ನಾಲ್ಕು ಪಟ್ಟು ಭಾರ. ಮಧ್ಯಾಹ್ನ ತಗಡಿನ ಮಾಡಿನಿಂದ ಅದು ಒಮ್ಮೆಲೇ ಜಾರುತ್ತದೆ. ಆ ಹೊತ್ತಿನಲ್ಲಿ ಸೂರಿನಡಿ ಮಕ್ಕಳನ್ನೂ ನಾಯಿಯನ್ನೂ ಬಿಡುವುದಿಲ್ಲ.

ಹಿಮ ತರುವ ಪಶ್ಚಿಮದ ಗಾಳಿ ಬರುವ ಸೂಚನೆಯನ್ನು ಶಿಮ್ಲಾದ ಹವಾಮಾನ ಕೇಂದ್ರ ಮುಂಚೆಯೇ ಕೊಡುತ್ತದೆ. ನಾನು ಹೆಚ್ಚು ಎಚ್ಚರವಾಗಿರುವುದು ಹಿಮ ಬೀಳುವ ರಾತ್ರಿಯಲ್ಲಲ್ಲ, ಮೋಡ ಸರಿದು ನಕ್ಷತ್ರ ಕಾಣುವ ಮರುರಾತ್ರಿ. ಮೋಡದ ಹೊದಿಕೆಯಿಲ್ಲದೆ ನೆಲದ ಬಿಸಿಯೆಲ್ಲ ಮೇಲೇರಿ, ಉಷ್ಣತೆ ತೀರಾ ಕೆಳಗಿಳಿಯುವುದು ಅಂದೇ. ಅಂದು ಪೈಪು ಖಾಲಿಯಾಗಿದೆಯೇ ಎಂದು ಮಲಗುವ ಮುನ್ನ ಮತ್ತೊಮ್ಮೆ ನೋಡುತ್ತೇನೆ.

ಸೇಬು ಬೆಳೆಯುವವರಿಗೆ ಈ ಚಳಿ ಬೇಕು. ಸಾಕಷ್ಟು ಚಳಿ ಸಿಗದೆ ಮರ ಸರಿಯಾಗಿ ಹೂ ಬಿಡುವುದಿಲ್ಲ. ಹಾಗಾಗಿ ಹಿಮ ಬಿದ್ದ ಬೆಳಿಗ್ಗೆ ತೋಟದವರ ಮುಖ ಅರಳಿರುತ್ತದೆ. ನನ್ನ ತಂದೂರಿನ ಕೊಳವೆಯನ್ನು ಬಿಚ್ಚುವುದು ಏಪ್ರಿಲ್‌ನಲ್ಲಿ ಸೇಬಿನ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೆಯೇ.