ಗೇರುಗುಡ್ಡೆಯ ಸೆಕೆಗೆ ನಾವು ಇಟ್ಟುಕೊಂಡ ಕ್ರಮ

ತುಳುವರ ಸುಗ್ಗಿ, ಪಗ್ಗು ತಿಂಗಳೆಂದರೆ (ಮಾರ್ಚ್ ನಡುವಿನಿಂದ ಮೇ ನಡುವಿನ ತನಕ) ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಗುಡ್ಡೆಗಳಲ್ಲಿ ಗೇರುಬೀಜ ಹೆಕ್ಕುವ ಕಾಲ. 35 ಡಿಗ್ರಿ ಎಂದರೆ ಬಯಲುಸೀಮೆಯವರಿಗೆ ಹೆಚ್ಚೇನಲ್ಲ ಅನಿಸೀತು. ನಮ್ಮ ಕರಾವಳಿಯ ಲೆಕ್ಕ ಬೇರೆ. ಬೆವರು ಆರಿದರೆ ಮಾತ್ರ ಮೈ ತಣಿಯುವುದು. ಇಲ್ಲಿನ ಗಾಳಿಯಲ್ಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ಮೈ ತಣಿಯಲಿಲ್ಲ. ಹವಾಮಾನ ಇಲಾಖೆ ಬಿಸಿಗಾಳಿ ಎನ್ನಲು ಬಯಲಿಗೆ 40 ಡಿಗ್ರಿ, ಕರಾವಳಿಗೆ 37 ಡಿಗ್ರಿ ಗಡಿ ಇಟ್ಟಿದೆ.

ಬೇಸಗೆಯಲ್ಲಿ ಬಿಸಿಲಿನ ಕೆಲಸಕ್ಕೆ 12ರಿಂದ 3ರ ತನಕ ಬಿಡುವು ಕೊಡಬೇಕೆಂದು ಕೇರಳದ ಕಾರ್ಮಿಕ ಇಲಾಖೆ ಆದೇಶ ಹೊರಡಿಸುತ್ತದೆ. ಗುಡ್ಡೆಯಲ್ಲಿ ನಾವು 12ರ ತನಕ ಕಾಯುವುದಿಲ್ಲ. ಗುಡ್ಡೆಯ ಕೆಂಪು ಮುರಕಲ್ಲು ಕಾದರೆ ಬಿಸಿ ಕೆಳಗಿನಿಂದಲೂ ಹೊಡೆಯುತ್ತದೆ, ಬಗ್ಗಿ ಹೆಕ್ಕುವವರ ಮುಖಕ್ಕೆ ನೇರವಾಗಿ. ಆರಕ್ಕೆ ಹತ್ತಿ ಹತ್ತೂವರೆಗೆ ಇಳಿಯುವುದು. ಹೊಸದಾಗಿ ಬಂದವರಿಗೆ ಮೊದಲ ನಾಲ್ಕೈದು ದಿನ ಅರ್ಧ ಕೆಲಸ ಮಾತ್ರ; ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು.

ಕುಡಿಯುವುದರಲ್ಲಿ ತಪ್ಪುವವರೇ ಹೆಚ್ಚು. ಬಾಯಾರಿದ ಮೇಲೆ ಒಮ್ಮೆಲೇ ಒಂದು ಚೊಂಬು ಕುಡಿಯುವುದಲ್ಲ, 20 ನಿಮಿಷಕ್ಕೊಂದು ಲೋಟ, ಸುಮಾರು 250 ಮಿಲಿ. ನಾಲ್ಕು ಜನ ನಾಲ್ಕೂವರೆ ಗಂಟೆ ದುಡಿದರೆ 13-14 ಲೀಟರು ಬೇಕು. ಒಂದು ಕ್ಯಾನ್ ಬರೀ ನೀರು, ಇನ್ನೊಂದು ಗಂಜಿತೆಳಿ ಅಥವಾ ನೀರುಮಜ್ಜಿಗೆ. ಎರಡನೆಯದಕ್ಕೆ ಲೀಟರಿಗೆ ಕಾಲು ಚಮಚ ಹುಡಿ ಉಪ್ಪು, ಸುಮಾರು ಒಂದೂವರೆ ಗ್ರಾಂ. ಕಲ್ಲುಪ್ಪು ಚಮಚದಲ್ಲಿ ಸಡಿಲವಾಗಿ ಕೂರುವುದರಿಂದ ಅಳತೆ ತಪ್ಪುತ್ತದೆ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ; ಬೆವರಿನಲ್ಲಿ ಹೋದ ಉಪ್ಪನ್ನು ಅದೊಂದೇ ತುಂಬಿಕೊಡದು. ಪುನರ್ಪುಳಿ ಸಿಪ್ಪೆ ನೆನೆಸಿದ ನೀರಿಗೂ ಅಷ್ಟೇ ಉಪ್ಪು ಹಾಕಿ, ಸಕ್ಕರೆ ಕಡಿಮೆ ಮಾಡಿ. ಬಿಪಿ, ಕಿಡ್ನಿ ತೊಂದರೆ ಇರುವವರು ಉಪ್ಪಿನ ವಿಷಯ ಡಾಕ್ಟರರಲ್ಲಿ ಕೇಳಿಕೊಳ್ಳಲೇಬೇಕು. ಗುಡ್ಡೆ ಇಳಿಯುವ ಹೊತ್ತಿಗೂ ಮೂತ್ರ ಬಂದಿಲ್ಲ, ಬಂದರೂ ಕಡುಹಳದಿ ಎಂದಾದರೆ ಕುಡಿದದ್ದು ಸಾಲಲಿಲ್ಲ.

ತಲೆಗೆ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ), ಕುತ್ತಿಗೆಗೆ ಒದ್ದೆ ಬೈರಾಸು (ಟವೆಲು).

ಅಡಿಕೆ ತೋಟದಲ್ಲಿ ನೆರಳಿದೆ ಎಂದು ನಂಬಬೇಡಿ. ಸ್ಪ್ರಿಂಕ್ಲರ್ ತಿರುಗುತ್ತಿದ್ದರೆ ಗಾಳಿಯ ಪಸೆ ಇನ್ನೂ ಏರಿ ಉಸಿರು ಕಟ್ಟಿದಂತಾಗುತ್ತದೆ; ಆಳುಗಳಿರುವಾಗ ನಿಲ್ಲಿಸಿ, ಸಂಜೆ ಬಿಡಿ. ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡಿನೊಳಗೆ ಒಣಗಲು ಹಾಕಿದ ಅಡಿಕೆ ಮಗುಚುವುದು ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು.

ಮೀನಖಂಡ ಹಿಡಿದುಕೊಂಡರೆ, ತಲೆ ಸಿಡಿದು ವಾಕರಿಕೆ ಬಂದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಿಸಿ ನೆರಳು, ಗಾಳಿ, ಉಪ್ಪುನೀರು. ಮಾತು ತಡವರಿಸಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ನಡಿಗೆ ತೂರಾಡಿದರೆ ಅದು ಉಷ್ಣಾಘಾತ (ಹೀಟ್ ಸ್ಟ್ರೋಕ್). "ಬೆವರುತ್ತಿದ್ದಾನಲ್ಲ, ಏನೂ ಆಗಲಿಕ್ಕಿಲ್ಲ" ಎನ್ನುವ ಮಾತು ಜೀವಕ್ಕೆ ಎರವಾದೀತು. ದುಡಿಯುತ್ತಾ ಬಿದ್ದವರಲ್ಲಿ ಬೆವರು ಇರಲೂಬಹುದು. ಒಬ್ಬರು 108ಕ್ಕೆ ಕರೆ ಮಾಡುವಾಗಲೇ ಉಳಿದವರು ಬಟ್ಟೆ ಸಡಿಲಿಸಿ, ಮೈಯಿಡೀ ನೀರು ಹೊಯ್ದು, ಅಡಿಕೆ ಹಾಳೆಯಿಂದ ಗಾಳಿ ಬೀಸುತ್ತಲೇ ಇರಬೇಕು. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ಕುತ್ತಿಗೆ, ತೊಡೆಸಂದಿಗೆ. ಪ್ಯಾರಾಸಿಟಮಾಲ್ ಕೊಡಬೇಡಿ, ಈ ಬಿಸಿಗೆ ಅದು ನಾಟುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯಲೇಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಗುಡ್ಡೆಯ ಬುಡದಲ್ಲಿ ಒಂದು ಡ್ರಮ್ ನೀರು ಇದಕ್ಕೆಂದೇ ತುಂಬಿಟ್ಟಿರುತ್ತೇವೆ. ಕೈಕಾಲು ತೊಳೆಯಲಿಕ್ಕೂ ಅದನ್ನು ಮುಟ್ಟುವ ಹಾಗಿಲ್ಲ.