ಯಾವ ಸಾಲಕ್ಕೆ ಯಾವ ಬೆಳೆ

"ಈ ವರ್ಷ ಸಾಲ ಪೂರ್ತಿ ಮುಗಿಸಬೇಕು" ಎಂಬ ಸಂಕಲ್ಪ ನಮ್ಮ ಮನೆಯಲ್ಲಿ ಪ್ರತಿ ವಿಷುವಿಗೂ ಆಗುತ್ತಿತ್ತು. ಜುಲೈ-ಆಗಸ್ಟಿನ ಆಟಿ ತಿಂಗಳು ಬರುವಾಗ ಅದು ಮಳೆನೀರಿನೊಟ್ಟಿಗೆ ಹೋಗಿಯಾಗಿರುತ್ತಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮಗಿರುವುದು ಸಣ್ಣ ಅಡಿಕೆ ತೋಟ, ನಡುವೆ ಒಂದಷ್ಟು ತೆಂಗು, ಮರಕ್ಕೆ ಹಬ್ಬಿಸಿದ ಕರಿಮೆಣಸು. ಸಾಲ ಮಾತ್ರ ನಾಲ್ಕು ಬಗೆಯದು: ಬೆಳೆಸಾಲ, ಅಡವಿಟ್ಟ ಚಿನ್ನ, ಕ್ರೆಡಿಟ್ ಕಾರ್ಡಿನ ಬಾಕಿ, ಅಪ್ಪನ ಆಸ್ಪತ್ರೆ ಖರ್ಚಿಗೆಂದು ತಂದ ಕೈಸಾಲ.

ದಾರಿ ತೋರಿಸಿದ್ದು ಹೆಂಡತಿ. ಮಗಳ ಹಳೆ ನೋಟ್‌ಬುಕ್ಕಿನ ಉಳಿದ ಹಾಳೆಯಲ್ಲಿ ನಾಲ್ಕು ಗೆರೆ ಎಳೆದು, "ಒಟ್ಟು ಎಷ್ಟು ಅಂತ ಕೂಡಿಸಬೇಡಿ. ಒಂದು ಲಕ್ಷಕ್ಕೆ ಯಾವುದು ವರ್ಷಕ್ಕೆ ಎಷ್ಟು ತಿನ್ನುತ್ತದೆ, ಅಷ್ಟೇ ಬರೆಯಿರಿ" ಎಂದಳು. ಬರೆದೆವು. 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ. 7, ಗಡುವಿನೊಳಗೆ ಕಟ್ಟಿದರೆ ಶೇ. 3 ರಿಯಾಯಿತಿ ಸಿಕ್ಕಿ ಬೀಳುವುದು ಶೇ. 4, ಅಂದರೆ ಲಕ್ಷಕ್ಕೆ 4,000. ನಮ್ಮ ಚಿನ್ನದ ಸಾಲ ಸುಮಾರು 10,000. ಕೈಸಾಲ "ನೂರಕ್ಕೆ ಮೂರು". ಕೇಳುವಾಗ ಏನೂ ಅಲ್ಲ ಅನಿಸುತ್ತದೆ, ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ 36,000. ಕಾರ್ಡು ತಿಂಗಳಿಗೆ ಶೇ. 3.5, ಅಂದರೆ ಚಕ್ರಬಡ್ಡಿ ಬಿಟ್ಟೇ 42,000. ಕಾರ್ಡಿನವರು ಹೇಳುವ ಕನಿಷ್ಠ ಮೊತ್ತ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಬಾಕಿ ಇರುವಷ್ಟು ದಿನ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ.

ಬೆಳೆಸಾಲದ ನೋಟೀಸು ಬಂದಾಗ ನಿದ್ದೆ ಹೋಗುತ್ತಿತ್ತು. ಕೈಸಾಲದವರು ಅಂಗಡಿ ಎದುರು ಸಿಕ್ಕಿ ನಕ್ಕರೆ ಸಮಾಧಾನ ಆಗುತ್ತಿತ್ತು. ಹಾಳೆ ನೋಡಿದರೆ ಎಲ್ಲ ತಿರುಗಾಮುರುಗ!

ಇನ್ನು ಅಡಿಕೆಯ ವಿಷಯ. ನಮ್ಮ ಕಡೆ ಅಡಿಕೆಯನ್ನು ಬಿಸಿಲಿಗೆ ಒಣಗಿಸಿ, ಸುಲಿದು, ಚಾಲಿ ಮಾಡಿ, ಗೋಣಿ ಕಟ್ಟಿ ಅಟ್ಟಕ್ಕೆ ಹಾಕಿದರೆ ಅದೇ ಬೇಂಕು. ಹಳೆ ಅಡಿಕೆಗೆ ಹೊಸತಕ್ಕಿಂತ ಧಾರಣೆ ಹೆಚ್ಚು, ಹಾಗಾಗಿ ಕಾಯುವುದೇ ಜಾಣತನ ಎಂದು ಅಜ್ಜನ ಕಾಲದಿಂದ ಬಂದದ್ದು. ಸಾಲ ಇಲ್ಲದವನಿಗೆ ಸರಿಯೇ. ಕೈಸಾಲ ಇಟ್ಟುಕೊಂಡು ಕಾಯುವವನ ಲೆಕ್ಕ ಬೇರೆ. ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ ಮೂರರ ಸಾಲ ತೀರಿಸದೆ ಆರು ತಿಂಗಳು ಕಾದರೆ ಆ 400ಕ್ಕೆ ಬಡ್ಡಿಯೇ 72. ಧಾರಣೆ 472 ಆದರೆ ಮಾತ್ರ ಸಮಸಮ. ಒಣಗಿ ಕಡಿಮೆಯಾಗುವ ತೂಕ, ಹುಳ ಹಿಡಿದದ್ದು ಬೇರೆ. ಅದೇ ಬೆಳೆಸಾಲದ ಎದುರು ಕಾಯುವುದಾದರೆ ಬಡ್ಡಿ ಬರೇ 8 ರೂಪಾಯಿ. ಆದ್ದರಿಂದ ಕೈಸಾಲ ಮತ್ತು ಕಾರ್ಡಿಗೆ ಹೊಸ ಅಡಿಕೆ ಸುಲಿದ ಕೂಡಲೇ ಮಾರುವುದು, ಬೆಳೆಸಾಲಕ್ಕೆ ಎಷ್ಟು ಬೇಕೋ ಅಷ್ಟು ಗೋಣಿ ಮಾತ್ರ ಅಟ್ಟದಲ್ಲಿ ಇಡುವುದು ಎಂದು ತೀರ್ಮಾನಿಸಿದೆವು. ನೆರೆಕರೆಯವರು "ಈಗಲೇ ಕೊಟ್ಟಿರಾ!" ಎಂದು ಕನಿಕರಪಟ್ಟರು. ಮರುವಾರ ಧಾರಣೆ ಏರಿತು ಕೂಡ. ಹೊಟ್ಟೆ ಉರಿದದ್ದು ನಿಜ.

ಗುರಿಗಳನ್ನೂ ಇಸವಿಗೆ ಕಟ್ಟದೆ ತೋಟದ ಕೆಲಸಕ್ಕೆ ಕಟ್ಟಿದೆವು. ಮೊದಲ ಕೊಯ್ಲಿನ ಅಡಿಕೆಗೆ ಕಾರ್ಡು ಮುಗಿಯಬೇಕು. ಅದಕ್ಕೂ ಮೊದಲು ಅದನ್ನು ಪರ್ಸಿನಿಂದ ತೆಗೆದು ಕಪಾಟಿಗೆ ಹಾಕಿದ್ದಾಯಿತು. ಎರಡನೇ, ಮೂರನೇ ಕೊಯ್ಲು ಕೈಸಾಲದ ಅಸಲಿಗೆ. ಕರಿಮೆಣಸು ಬಂದರೆ ಮೊದಲು ಅಡಿಕೆಗೆ ಮದ್ದು ಹೊಡೆಯುವ ಖರ್ಚು ಬದಿಗೆ: ಮೈಲುತುತ್ತು, ಸುಣ್ಣ, ಮರ ಹತ್ತುವವರ ಸಂಬಳ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ ಮಳೆ ಬಿಟ್ಟ ಹೊಳವು ನೋಡಿ ಇನ್ನೊಂದು ಸಲ ಈ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಬಂದು ಮುಂದಿನ ವರ್ಷದ ಗುರಿಯೆಲ್ಲ ಮರದ ಬುಡದಲ್ಲಿ ಉದುರಿ ಬಿದ್ದಿರುತ್ತದೆ. ಹೊಸ ಕೈಸಾಲ ಹುಟ್ಟುತ್ತಿದ್ದದ್ದೂ ಹೆಚ್ಚಾಗಿ ಈ ಮದ್ದಿನ ಹೊತ್ತಿಗೇ. ಜೊತೆಗೆ ಜೂನಿನಲ್ಲಿ ಶಾಲೆಯ ಖರ್ಚು. ಮಳೆಗಾಲಕ್ಕೆ ತೀರಿಸುವ ಗುರಿಯೇ ಇಡಲಿಲ್ಲ. ಹೊಸ ಸಾಲ ಮಾಡದೆ, ಆಟಿಯ ನಂತರದ ಸೋಣ ತಿಂಗಳು ದಾಟಿದರೆ ಗೆದ್ದ ಹಾಗೆ. ತೆಂಗಿನಕಾಯಿಯ ದುಡ್ಡು ಚಿನ್ನದ ಬಡ್ಡಿಗೆ, ಉಳಿದರೆ ಮೀನಿಗೆ.

ಕೈಸಾಲ ತೀರಿಸುವುದು ನಾವು ಎಣಿಸಿದಷ್ಟು ಸುಲಭ ಇರಲಿಲ್ಲ. ಕೊಡಲು ದುಡ್ಡಿತ್ತು, ತೆಗೆದುಕೊಳ್ಳುವವರಿಗೆ ಮನಸ್ಸಿರಲಿಲ್ಲ. ಅಸಲಿನಲ್ಲಿ ಒಂದು ಪಾಲು ಹಿಡಿದುಕೊಂಡು ಹೋದರೆ, "ಅಸಲಿಗೆ ಏನವಸರ ಮಾರಾಯ್ರೇ? ಬಡ್ಡಿ ಸರಿಯಾಗಿ ಬರುತ್ತಾ ಉಂಟಲ್ಲ. ಒಟ್ಟಿಗೆ ಕೊಡಿ, ಸಾಕು" ಎಂದರು. ಚಹಾ ಕೊಟ್ಟರು. ಒಟ್ಟಿಗೆ ಕೊಡುವಷ್ಟು ಕೂಡಿಡುತ್ತ ಹೋದರೆ ಅದು ಎಂದಿಗೂ ಕೂಡುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಚಹಾ ಕುಡಿದು, ದುಡ್ಡು ಮೇಜಿನ ಮೇಲಿಟ್ಟು, ಅವರ ಪುಸ್ತಕದಲ್ಲೇ ಅಸಲು ಇಳಿಸಿ ಬರೆಸಿ, ಸಹಿ ಹಾಕಿಸಿ ಎದ್ದೆ. ಮುಂದಿನ ಸಲದಿಂದ ಅವರೇ ಪುಸ್ತಕ ತಂದಿಟ್ಟರು, ಚಹಾ ಬರಲಿಲ್ಲ.

ಆಗ ಭಾವ ಒಂದು ಸಲಹೆ ಕೊಟ್ಟ: ಚಿಟ್ಟಿ (ಚಿಟ್ ಫಂಡ್) ಸೇರಿ, ಬೇಗ ಹರಾಜಿನಲ್ಲಿ ಕರೆದು, ಬಂದ ದುಡ್ಡಿನಲ್ಲಿ ಎಲ್ಲ ಚುಕ್ತಾ ಮಾಡು ಎಂದು. ಕೇರಳದಲ್ಲಿ ಚಿಟ್ಟಿ ಸೇರದ ಮನೆ ಕಡಿಮೆ, ಸರಕಾರದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಇಯೇ 1969ರಿಂದ ನಡೆಸುತ್ತಿದೆ. ಆದರೆ ಒಂದು ಲಕ್ಷದ ಚಿಟ್ಟಿಯನ್ನು ಮೊದಮೊದಲೇ 25,000 ಬಿಟ್ಟು ಕರೆದರೆ ಕೈಗೆ ಬರುವುದು 75,000. ಕಂತು ಮಾತ್ರ ಕೊನೆಯವರೆಗೂ ಕಟ್ಟಬೇಕು. ಅದೂ ಒಂದು ಸಾಲವೇ. ಸಣ್ಣದೊಂದು ಚಿಟ್ಟಿ ಸೇರಿದೆವು, ಕರೆಯಲಿಲ್ಲ. ಕೊನೆಯಲ್ಲಿ ಬಂದದ್ದರಿಂದ ಚಿನ್ನ ಬಿಡಿಸಿದೆವು. ಬಿಡಿಸಿದ ಸರವನ್ನು ಹೆಂಡತಿ ಅಲ್ಲೇ ಕೌಂಟರಿನ ಎದುರೇ ಹಾಕಿಕೊಂಡಳು, ಚೀಲದಲ್ಲಿಡಲು ಒಪ್ಪಲಿಲ್ಲ.

ಬೆಳೆಸಾಲ ಈಗಲೂ ಇದೆ, ತೀರಿಸುವ ಅವಸರ ನಮಗಿಲ್ಲ. ಗಡುವಿನ ದಿನ ಮಾತ್ರ ತಪ್ಪಬಾರದು. ಎಷ್ಟೋ ಜನ ಗಡುವಿಗೆ ನಾಲ್ಕು ದಿನ ಇರುವಾಗ ಕೈಸಾಲ ತಂದು ಕಟ್ಟಿ, ಸಾಲ ಹೊಸದು ಮಾಡಿಸಿ, ಅದೇ ದುಡ್ಡಿನಲ್ಲಿ ಕೈಸಾಲ ತೀರಿಸುತ್ತಾರೆ. ನಾಲ್ಕು ದಿನಕ್ಕೂ ಬಡ್ಡಿ ತಿಂಗಳದ್ದೇ. ಅಟ್ಟದಲ್ಲಿ ಉಳಿಸಿದ ಗೋಣಿಗಳು ಆ ದಿನಕ್ಕೆ. ಗಡುವಿಗೆ ಒಂದು ತಿಂಗಳು ಮುಂಚೆ, ಧಾರಣೆ ಏನೇ ಇರಲಿ, ಅವನ್ನು ಇಳಿಸುತ್ತೇವೆ. ಹಳೆ ಪಂಪು ಈ ಬೇಸಗೆ ತಡೆಯುವ ಹಾಗೆ ಕಾಣುವುದಿಲ್ಲ. ಅದಕ್ಕೆಂದು ಕರಿಮೆಣಸಿನ ದುಡ್ಡು ಅಂಚೆ ಕಚೇರಿಯ ಪುಸ್ತಕಕ್ಕೆ ಬೀಳುತ್ತಿದೆ, ಅರ್ಧ ಆಗಿದೆ.